ಹದಿಮೂರನೆಯ ಪಾಲು

ಆ ಶನಿವಾರ ಹನ್ನೆರಡು ಡಬ್ಬಿಗಳೂ ಒಂದೇ ತೂಕ ತೂಗಿದವು. ನಾನು ಖುಷಿಪಟ್ಟೆ. ಈಗ ನೆನೆದರೆ ನನ್ನ ಪೆದ್ದುತನಕ್ಕೆ ನನಗೇ ನಗು ಬರುತ್ತದೆ. ಅಂದು ಮಾತ್ರ ತಕ್ಕಡಿಯ ಮುಂದೆ ಕೂತು, ಹೇಳಿದ್ದನ್ನು ಹೇಳಿದಂತೆ ಮಾಡುವ ಹೆಂಗಸರು ಕೊನೆಗೂ ಒಂದೂರಲ್ಲಿ ಸಿಕ್ಕರಲ್ಲ ಎಂದು ಮನಸ್ಸಿನಲ್ಲೇ ಅವರ ಬೆನ್ನು ತಟ್ಟಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಸರ್ಕಾರಿ ನರ್ಸು. ಮೈಸೂರಿನಲ್ಲಿ ಚರ್ಮರೋಗದ ಪ್ರೊಫೆಸರ್ ಒಬ್ಬರಿದ್ದರು. ಅವರ ಯೋಜನೆಗೆಂದು ನನ್ನನ್ನು ಎರವಲು ಕಳಿಸಿದ್ದರು. ಶ್ರೀರಂಗಪಟ್ಟಣದಲ್ಲಿ ಒಂದು ಕೋಣೆ, ಒಂದು ಗಾಜಿನ ಪೆಟ್ಟಿಗೆಯ ತಕ್ಕಡಿ, ಒಂದು ಮೊಪೆಡ್, ರಟ್ಟಿನ ಪೆಟ್ಟಿಗೆಗಳ ತುಂಬ ನಂಬರು ಬರೆದ ಡಬ್ಬಿಗಳು. ಇಷ್ಟೇ ನನ್ನ ಆಫೀಸು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕೆಲವು ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು.

ಕೆಲಸ ಕೆಸರುಹುಣ್ಣಿನದು. ನಾಲೆಗೆ ನೀರು ಬಿಟ್ಟ ಮೇಲೆ ತಿಂಗಳುಗಟ್ಟಲೆ ಗದ್ದೆಯಲ್ಲಿ ನಿಂತು ನಾಟಿ ಹಾಕುವ ಹೆಂಗಸರ ಕಾಲ್ಬೆರಳ ಸಂದಿಯಲ್ಲಿ ತೊಗಲು ಬೆಳ್ಳಗೆ ನೆನೆದು, ಸುಲಿದು, ಕೆಂಪಗೆ ಬಾಯಿ ಬಿಡುತ್ತದಲ್ಲ, ಅದು. ನಮ್ಮ ಅವ್ವನಿಗೂ ಇತ್ತು. ಸಂಜೆ ಗೋರಂಟಿ ಸೊಪ್ಪು ಅರೆದು ಮೆತ್ತಿಕೊಂಡು, ಹಲ್ಲು ಕಚ್ಚಿ ಕೂರುತ್ತಿದ್ದಳು. ಅಂಗಡಿಯ ಮುಲಾಮು ಹಚ್ಚಿದರೆ ಗದ್ದೆಗೆ ಇಳಿದ ಗಳಿಗೆಯಲ್ಲೇ ತೊಳೆದುಹೋಗುತ್ತದೆ. ನಮ್ಮ ಪ್ರೊಫೆಸರು ತಮ್ಮ ಪ್ರಯೋಗಾಲಯದಲ್ಲಿ ಕೆಸರಲ್ಲೂ ತೊಗಲಿಗೆ ಅಂಟಿಕೊಂಡೇ ಇರುವ ಒಂದು ಮುಲಾಮನ್ನು ಮಾಡಿದ್ದರು. ಗಾಜಿನ ತಟ್ಟೆಯಲ್ಲಿ ಅದು ಬೂಷ್ಟನ್ನು ಕೊಂದಿತ್ತು. ಆದರೆ ಗಾಜಿನ ತಟ್ಟೆ ನಾಟಿಗೆ ಹೋಗುವುದಿಲ್ಲವಲ್ಲ.

ಅಲ್ಲಿ ಕಂಡದ್ದು ಹೆಂಗಸಿನ ಕಾಲಿನ ಮೇಲೂ ನಿಜವೇ ಎಂದು ನೋಡಲು ದೆಹಲಿಯಿಂದ ಸರ್ಕಾರದ ಹಣ ಬಂದಿತ್ತು. ಕಂಡುಹಿಡಿಯಲು ಹಣ ಕೊಡುವವರು ಸಿಗುತ್ತಾರೆ, ಮಾರಲು ಹೂಡುವವರೂ ಸಿಗುತ್ತಾರೆ, ನಡುವಿನ ಈ ದಾರಿಗೆ ಮಾತ್ರ ಯಾರೂ ಸಿಗುವುದಿಲ್ಲ ಎಂದು ಪ್ರೊಫೆಸರು ಹೇಳುತ್ತಿದ್ದರು. ಅದೂ ನಾಟಿ ಹೆಂಗಸರ ಕಾಲಿಗೆ ಯಾವ ಕಂಪನಿ ಹಣ ಹಾಕುತ್ತದೆ? ಎರಡು ನಾಟಿಗೆ ಮಂಜೂರಾತಿ. ಮೊದಲ ನಾಟಿ ಮುಗಿದಾಗ ಒಬ್ಬ ಅಧಿಕಾರಿ ಬಂದು ನೋಡುತ್ತಾರೆ. ಕೆಲಸ ಸರಿಯಿಲ್ಲ ಅನ್ನಿಸಿದರೆ ಅಲ್ಲಿಗೆ ಮುಗಿಯಿತು, ಮುಲಾಮು ಶೀಷೆಯಲ್ಲೇ ಉಳಿಯುತ್ತದೆ.

ವಿಧಾನ ಹೀಗಿತ್ತು. ಅರ್ಧ ಜನಕ್ಕೆ ಔಷಧಿ ಇರುವ ಡಬ್ಬಿ, ಅರ್ಧ ಜನಕ್ಕೆ ಬರೀ ಮೇಣ ಎಣ್ಣೆ ಕಲಸಿದ ಡಬ್ಬಿ. ಬಣ್ಣ, ವಾಸನೆ ಎಲ್ಲ ಒಂದೇ. ಯಾವ ನಂಬರಿನಲ್ಲಿ ಯಾವುದಿದೆ ಎಂಬ ಪಟ್ಟಿ ಅರಗಿನ ಮುದ್ರೆ ಒತ್ತಿದ ಲಕೋಟೆಯಲ್ಲಿ ಪ್ರೊಫೆಸರ ಬೀರುವಿನಲ್ಲಿತ್ತು. ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ನನ್ನ ಕಣ್ಣು ಮೋಸ ಮಾಡುತ್ತದಂತೆ. ಪ್ರತಿ ಶನಿವಾರ ಡಬ್ಬಿ ವಾಪಸು ತಂದು ತೂಗಬೇಕು, ಎಷ್ಟು ಬಳಸಿದ್ದಾರೆ ಎಂದು ತಿಳಿಯಲು. ಸೋಮವಾರ ಹಿಂದಕ್ಕೆ ಕೊಡಬೇಕು. ಒಬ್ಬೊಬ್ಬರ ಹಾಳೆಯಲ್ಲೂ ಎರಡು ಪಾದಗಳ ಚಿತ್ರ. ಹುಣ್ಣು ಇರುವ ಕಡೆ ಕೆಂಪು ಪೆನ್ಸಿಲಿನಲ್ಲಿ ಬರೆಯಬೇಕು.

ಪಾಂಡವಪುರ ತಾಲ್ಲೂಕಿನಲ್ಲಿ, ಕ್ಯಾತನಹಳ್ಳಿ ಕಡೆಯ ಒಂದು ಸಣ್ಣ ಊರು. ಅಲ್ಲಿ ಹದಿಮೂರು ಹೆಂಗಸರ ಗುಂಪು ಸಿಕ್ಕಿತು. ಎಲ್ಲರೂ ಜಮೀನಿದ್ದವರೇ, ಕೂಲಿಗಲ್ಲ, ಮುಯ್ಯಾಳಿಗೆ ಹೋಗುವವರು. ಇವತ್ತು ನಿನ್ನ ಗದ್ದೆಗೆ ನಾವೆಲ್ಲ, ನಾಳೆ ನನ್ನ ಗದ್ದೆಗೆ ನೀವೆಲ್ಲ. ಗುಂಪಿಗೆ ಒಬ್ಬ ಯಜಮಾನಿ. ಐವತ್ತರ ಆಸುಪಾಸು, ಗಟ್ಟಿ ದನಿ, ಮಾತಾಡುವಾಗ ಸೊಂಟಕ್ಕೆ ಕೈ. ಹೆಸರು ನೋಂದಾಯಿಸುವ ದಿನ ಹೆಂಗಸರ ಪಾದ ಹಿಡಿದು ನೋಡಲು ಹೋದರೆ ಎಲ್ಲರೂ ಸರಕ್ಕನೆ ಹಿಂದಕ್ಕೆಳೆದುಕೊಂಡರು. ಸರ್ಕಾರದ ನರ್ಸು ತಮ್ಮ ಕಾಲು ಮುಟ್ಟುವುದೆಂದರೆ ಅವರಿಗೆ ಪಾಪ. ನಾನೂ ಜಗಮೊಂಡಿ. ಕಾಲು ಬಿಟ್ಟುಕೊಡುವ ತನಕ ಜಗಲಿ ಬಿಟ್ಟು ಏಳಲಿಲ್ಲ.

ಹದಿಮೂರನೆಯವಳು ಯಜಮಾನಿಯ ವಾರಗಿತ್ತಿ. ತೆಳ್ಳಗಿನ, ಮೆಲುಮಾತಿನ ಹೆಂಗಸು. ಹೆಸರು ಬರೆದುಕೊಳ್ಳುವ ಮುಂಚೆ ಎಲ್ಲರ ಮೂತ್ರವನ್ನೂ ನೀಲಿ ದ್ರಾವಣದಲ್ಲಿ ಕುದಿಸಿ ನೋಡಬೇಕಿತ್ತು. ಹನ್ನೆರಡು ಗಾಜಿನ ನಳಿಗೆಗಳು ನೀಲಿಯಾಗಿಯೇ ಉಳಿದವು. ಅವಳದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಸಕ್ಕರೆ ಕಾಯಿಲೆ. ಅವಳಿಗೆ ಅದು ಗೊತ್ತಿದ್ದದ್ದೇ. ಹಿಂದಿನ ವರ್ಷ ಬಲಗಾಲಿನ ಕಿರುಬೆರಳ ಪಕ್ಕ ಹುಣ್ಣು ಆಳಕ್ಕೆ ಇಳಿದು, ಇನ್ನೊಂದು ಸಲ ಹೀಗಾದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರಂತೆ. ನಿಯಮದ ಪ್ರಕಾರ ಸಕ್ಕರೆ ಕಾಯಿಲೆಯವರನ್ನು ಸೇರಿಸುವಂತಿಲ್ಲ. ಕಾರಣವೂ ಸರಿಯಾದದ್ದೇ: ಮುಲಾಮು ಪೊರೆ ಕಟ್ಟುತ್ತದೆ, ಪೊರೆಯ ಕೆಳಗೆ ಕೀವು ಕೂತರೆ ಅವರಿಗೆ ನೋವು ತಿಳಿಯುವುದಿಲ್ಲ. ನಿನಗೆ ಕೊಡಲಾಗುವುದಿಲ್ಲ ಕಣಮ್ಮ ಎಂದೆ. ಅವಳು ತಲೆಯಾಡಿಸಿ ಎದ್ದು ಹೋದಳು. ಆಮೇಲೆ ಉಳಿದ ಹನ್ನೆರಡು ಜನಕ್ಕೆ ಕೆಲವರಿಗೆ ಔಷಧಿ, ಕೆಲವರಿಗೆ ಬರೀ ಮೇಣ ಎಂಬುದನ್ನು ಎರಡೆರಡು ಸಲ ಬಿಡಿಸಿ ಹೇಳಿದೆ. ಮುಚ್ಚಿಡಬಾರದು ಎಂಬುದೂ ನಿಯಮ. ಯಜಮಾನಿ ಕೇಳಿಸಿಕೊಂಡು, ಆಗಲಿ ಬುಡಿ ಎಂದಳು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಬೇರೆ ಊರುಗಳಲ್ಲಿ ನನ್ನ ಪಾಡು ನಾಯಿಪಾಡು. ಕೆ.ಆರ್. ಪೇಟೆ ಕಡೆಯ ಒಬ್ಬಾಕೆ ಇಡೀ ಡಬ್ಬಿಯನ್ನು ಎತ್ತಿನ ಗೊರಸಿಗೆ ಹಚ್ಚಿ, ಎತ್ತು ಚೆನ್ನಾಗಿದೆ ಎಂದು ವರದಿ ಕೊಟ್ಟಿದ್ದಳು. ನಾಗಮಂಗಲದಲ್ಲಿ ಕೆರೆಯ ಕೆಳಗಿನ ನಾಲ್ಕು ಗದ್ದೆ ಬಿಟ್ಟರೆ ನಾಟಿಯೇ ಇರಲಿಲ್ಲ. ಅಲ್ಲಿ ಒಬ್ಬಳು ಡಬ್ಬಿಯನ್ನು ಮುಟ್ಟದೆ ದೇವರ ಗೂಡಿನಲ್ಲಿಟ್ಟಿದ್ದಳು. ಇವರ ನಡುವೆ ಆ ಹನ್ನೆರಡು ಡಬ್ಬಿಗಳು! ಒಂದನ್ನು ಇಟ್ಟು ಒಂದನ್ನು ಎತ್ತಿದರೆ ಮುಳ್ಳು ಅಲುಗಾಡದೆ ಅಲ್ಲೇ ನಿಲ್ಲುತ್ತಿತ್ತು.

ಎರಡನೆಯ ಶನಿವಾರವೂ ಹಾಗೇ ಆಯಿತು. ಈ ಸಲ ಖುಷಿಯಾಗಲಿಲ್ಲ. ಒಬ್ಬಳ ಪಾದ ದೊಡ್ಡದು, ಇನ್ನೊಬ್ಬಳದು ಚಿಕ್ಕದು. ಒಬ್ಬಳಿಗೆ ಎಂಟು ಕಡೆ ಹುಣ್ಣು, ಇನ್ನೊಬ್ಬಳಿಗೆ ಎರಡು. ಹನ್ನೆರಡು ಜನ ಒಂದೇ ತೂಕ ಬಳಸುವುದು ಸಾಧ್ಯವೇ? ಹಾಳೆಗಳನ್ನು ತೆಗೆದು ಮತ್ತೆ ನೋಡಿದೆ. ಹನ್ನೆರಡು ಜನರ ಕಾಲೂ ವಾಸಿಯಾಗುತ್ತಿತ್ತು, ಆದರೆ ಎಲ್ಲರದೂ ನಿಧಾನವಾಗಿ, ಹೆಚ್ಚುಕಮ್ಮಿ ಒಂದೇ ಸಮ.

ಬುಧವಾರ ಹೇಳದೆ ಕೇಳದೆ ಹೊರಟೆ. ಚಿನಕುರಳಿ ಕಡೆಯಿಂದ ಕಲ್ಲು ಹೊತ್ತ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಹೋಗಿ ಊರು ಮುಟ್ಟುವಾಗ ದನಗಳು ಮನೆಗೆ ಬರುವ ಹೊತ್ತು. ಯಜಮಾನಿಯ ಜಗಲಿಯ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ಸೀರೆ ಮೊಣಕಾಲಿಗೆ ಎತ್ತಿ, ಕಾಲು ಮುಂದಕ್ಕೆ ಚಾಚಿ. ಬಿಸಿನೀರಲ್ಲಿ ತೊಳೆದು ಒರೆಸಿದ ಪಾದಗಳು. ಯಜಮಾನಿ ಎಡಗೈಲಿ ಒಂದು ತಾಮ್ರದ ಚೊಂಬು, ಬಲಗೈಲಿ ಒಂದು ಚಮಚ ಹಿಡಿದು ಒಂದು ತುದಿಯಿಂದ ಬಡಿಸುತ್ತ ಬರುತ್ತಿದ್ದಳು. ಒಬ್ಬೊಬ್ಬಳ ಅಂಗೈಗೆ ಒಂದೊಂದು ಚಮಚ ಮುಲಾಮು. ಊಟಕ್ಕೆ ಕೂತ ಪಂಕ್ತಿಯೇ. ಎಲೆಯಿದ್ದ ಕಡೆ ಕಾಲುಗಳಿದ್ದವು, ಅಷ್ಟೇ.

ನಾನು ಎಣಿಸಿದೆ. ಯಜಮಾನಿಯದೂ ಸೇರಿ ಹದಿಮೂರು ಜೊತೆ. ಕೊನೆಯಲ್ಲಿ ವಾರಗಿತ್ತಿ ಕೂತಿದ್ದಳು. ಯಜಮಾನಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಚೊಂಬು ಕೆಳಗಿಟ್ಟು, ಅವಳ ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಿದ್ದಳು. ಹತ್ತರ ಲೆಕ್ಕ ಮುಗಿದ ಮೇಲೆ ತಾನೇ ಹಚ್ಚತೊಡಗಿದಳು.

ನಾನು ಬಾಯಿಗೆ ಬಂದಂತೆ ಅಂದುಬಿಟ್ಟೆ. ಎಷ್ಟು ಜನರ ಎಷ್ಟು ವರ್ಷದ ಕೆಲಸ ಇದು, ಚೊಂಬಿಗೆ ಸುರಿದು ಕಲಸಿಬಿಟ್ಟಿರಲ್ಲ, ನಿಮಗೆ ಬುದ್ಧಿ ಎಲ್ಲಿ ಇಟ್ಟಿದ್ದಾನೆ ದೇವರು ಎಂದೆಲ್ಲ. ಚಾಚಿದ ಕಾಲುಗಳು ಒಂದೊಂದಾಗಿ ಒಳಗೆ ಸರಿದವು. ಯಜಮಾನಿ ಮಾತ್ರ ಹಚ್ಚುವುದನ್ನು ನಿಲ್ಲಿಸಲಿಲ್ಲ. ಮುಗಿಸಿ, ಕೈ ಒರೆಸಿಕೊಂಡು ಎದ್ದಳು.

"ನೀವೇ ಏಳುದ್ರಲ್ಲ ನರ್ಸವ್ವ, ಕೆಲವ್ರಿಗೆ ಔಸ್ದಿ, ಕೆಲವ್ರಿಗೆ ಬರೀ ಮೇಣ ಅಂತ. ಒಂದೇ ಗದ್ದೇಲಿ ಒಂದೇ ಸಾಲಲ್ಲಿ ಬಗ್ಗೋರು ನಾವು. ಒಬ್ಳ ಎಲೆಗೆ ಸಾರು, ಪಕ್ಕದೋಳ ಎಲೆಗೆ ನೀರು ಬಡ್ಸಕಾಯ್ತದಾ? ಪಂಕ್ತಿಭೇದ ಅಲ್ವಾ ಅದು?" ಎಂದಳು. ಆಮೇಲೆ ವಾರಗಿತ್ತಿಯ ಕಡೆ ನೋಡಿ, ದನಿ ಇಳಿಸಿ, "ಇವ್ಳಿಗಂತೂ ನೀವು ಎಲೇನೇ ಆಕ್ನಿಲ್ಲ" ಎಂದಳು.

ನನ್ನ ಸಿಟ್ಟು ಇಳಿದಿರಲಿಲ್ಲ, ಆದರೆ ಅದನ್ನು ಎಲ್ಲಿ ಇಡಬೇಕೆಂದು ಗೊತ್ತಾಗದೆ ನಿಂತೆ.

ಪ್ರತಿ ಶನಿವಾರ ಬೆಳಿಗ್ಗೆ ನಾನು ಬರುವ ಮುಂಚೆ ಚೊಂಬಿನಲ್ಲಿ ಉಳಿದದ್ದನ್ನು ಮತ್ತೆ ಹನ್ನೆರಡು ಡಬ್ಬಿಗೆ ತುಂಬುತ್ತಿದ್ದರಂತೆ. ನನಗೆ ಬೇಜಾರಾಗಬಾರದು ಎಂಬ ಕಾಳಜಿ! ಅದೂ ಕಣ್ಣಂದಾಜಿನಲ್ಲಲ್ಲ. ಬೀದಿಯ ಕೊನೆಯ ಮನೆಯ ಅಕ್ಕಸಾಲಿಗರ ಚಿನ್ನದ ತಕ್ಕಡಿಯಲ್ಲಿ. ಅಲ್ಲಿಗೂ ಹೋದೆ. ಮುದುಕರು ಕನ್ನಡಕ ಹಣೆಗೇರಿಸಿ, ತಕ್ಕಡಿಯ ಪೆಟ್ಟಿಗೆ ತೆರೆದು ತೋರಿಸಿದರು. ಒಂದು ಗುಲಗಂಜಿ ತೂಕವೂ ಹೆಚ್ಚುಕಮ್ಮಿ ಆಗಿಲ್ಲ, ಬೇಕಾದರೆ ನಿಮ್ಮ ತಕ್ಕಡಿಯಲ್ಲಿ ಪರೀಕ್ಷೆ ಮಾಡಿಕೊಳ್ಳಿ ಎಂದರು. ಪರೀಕ್ಷೆ ಆಗಿದೆ ಸ್ವಾಮಿ, ಅದೇ ಎಡವಟ್ಟಾಗಿರುವುದು ಎಂದು ಹೇಳಬೇಕೆನ್ನಿಸಿತು. ಅಷ್ಟು ಹೆಮ್ಮೆಯಿಂದ ನೋಡುತ್ತಿದ್ದವರಿಗೆ ಹೇಗೆ ಹೇಳುವುದು? ಕೈಮುಗಿದು ಬಂದೆ.

ವಾಪಸು ಬರುವಾಗ ನಾಲೆಯ ಏರಿಯ ಮೇಲೆ ಮೊಪೆಡ್ ನಿಲ್ಲಿಸಿ ಕೂತೆ. ದೆಹಲಿಯ ಅಧಿಕಾರಿ ಬರಲು ಮೂರು ವಾರವಿತ್ತು. ಹನ್ನೆರಡು ಹಾಳೆಗಳೂ ಚೊಕ್ಕಟವಾಗಿದ್ದವು. ತೂಕದ ಅಂಕಿಗಳನ್ನು ಅಲ್ಲಲ್ಲಿ ಒಂದಿಷ್ಟು ಹಿಂದೆಮುಂದೆ ಮಾಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಆಗ ನೆನಪಾದದ್ದು ನಿಯಮವಲ್ಲ, ಆ ಕಿರುಬೆರಳು. ಸುಳ್ಳು ಬರೆದರೆ ಹದಿಮೂರನೆಯವಳು ಇಲ್ಲವೇ ಇಲ್ಲ ಎಂದು ಬರೆದಂತೆ. ಪೊರೆಯ ಕೆಳಗೆ ಅವಳ ಬೆರಳಿಗೆ ಏನಾಗುತ್ತಿದೆ ಎಂದು ಯಾರು ನೋಡುತ್ತಾರೆ? ಪ್ರತಿ ಹಾಳೆಯ ಕೆಳಗೂ 'ಹದಿಮೂರು ಜನ ಹಂಚಿಕೊಂಡಿದ್ದಾರೆ' ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿದೆ.

ಮಾರನೆಯ ಬೆಳಿಗ್ಗೆ ಮೈಸೂರಿನ ಬಸ್ಸು ಹತ್ತಿದೆ. ಹೊಳೆಯ ಸೇತುವೆ ದಾಟುವಾಗಿನಿಂದಲೇ ಹೇಳಬೇಕಾದ ಮಾತನ್ನು ಒಳಗೊಳಗೇ ಉರು ಹೊಡೆಯುತ್ತಿದ್ದೆ. ಪ್ರೊಫೆಸರು ಮಿತಭಾಷಿ, ನಿವೃತ್ತಿಗೆ ಹತ್ತಿರವಾದ ಹೆಂಗಸು. ಆ ಮುಲಾಮಿನ ಹಿಂದೆ ಎಷ್ಟು ಭಾನುವಾರಗಳನ್ನು ಕಳೆದಿದ್ದರೆಂದು ನನಗೆ ಗೊತ್ತಿತ್ತು. ಹಾಳೆಗಳನ್ನು ಒಂದೊಂದಾಗಿ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ.

"ಆ ಹದಿಮೂರನೆಯವರ ಕಾಲು ಈಗ ಹೇಗಿದೆ?" ಎಂದು ಕೇಳಿದರು.

ನೋಡಲು ಚೆನ್ನಾಗಿಯೇ ಇದೆ, ಮೇಲೆ ಒಣಗಿದೆ ಎಂದೆ. ಮೇಲೆ ಒಣಗಿದ್ದರೆ ನನಗೆ ಹೆದರಿಕೆ ಎಂದರು. ಆ ದಿನವೇ ಕರೆತರಲು ಹೇಳಿದರು.

ಬಸ್ಸು ಹಿಡಿದು ಶ್ರೀರಂಗಪಟ್ಟಣ, ಅಲ್ಲಿಂದ ಮೊಪೆಡ್. ಯಜಮಾನಿ ಮೊದಲು ಒಪ್ಪಲಿಲ್ಲ. ಆಸ್ಪತ್ರೆಗೆ ಹೋದರೆ ಬೆರಳು ತೆಗೆದೇ ಕಳಿಸುವುದು ಎಂಬ ಭಯ. ವಾರಗಿತ್ತಿ ಮಾತ್ರ ಸೀರೆ ಬದಲಿಸಿ ಬಂದು ನನ್ನ ಹಿಂದೆ ಕೂತಳು. ದಾರಿಯುದ್ದಕ್ಕೂ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದಿದ್ದಳು. ನಡುವೆ ಒಮ್ಮೆ ಮಾತ್ರ ಮಾತಾಡಿದಳು: ಬೆರಳು ಹೋದರೆ ಮುಯ್ಯಾಳಿಗೆ ನನ್ನ ಕರೆಯುತ್ತಾರಾ ಎಂದು. ಕರೆಯದೆ ಏನು ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿದ್ದೆ, ಆಮೇಲೆ ದಾರಿಯೆಲ್ಲ ಅದೇ ಚುಚ್ಚುತ್ತಿತ್ತು.

ಪ್ರೊಫೆಸರು ಒಂದು ನೈಲಾನ್ ದಾರದ ತುದಿಯನ್ನು ಅವಳ ಪಾದಕ್ಕೆ ಅಲ್ಲಲ್ಲಿ ಒತ್ತಿ, ತಿಳಿಯುತ್ತಾ ಎಂದು ಕೇಳುತ್ತ ಹೋದರು. ಹಿಮ್ಮಡಿಯಲ್ಲಿ ತಿಳಿಯಿತು, ನಡುವೆ ತಿಳಿಯಿತು, ಕಿರುಬೆರಳಲ್ಲಿ ತಿಳಿಯಲಿಲ್ಲ. ಬೆಚ್ಚಗಿನ ಉಪ್ಪುನೀರಲ್ಲಿ ನೆನೆಸಿ ಪೊರೆಯನ್ನು ಮೆಲ್ಲಗೆ ಎತ್ತಿದರು. ಕೆಳಗೆ ಸ್ವಲ್ಪ ಕೀವು. ಚಿಮಟದ ತುದಿಗೆ ಏನೋ ಗಟ್ಟಿಯಾದದ್ದು ತಗುಲಿತು. ಎಳೆದರೆ ಅಕ್ಕಿನುಚ್ಚಿನಷ್ಟು ಗಾತ್ರದ ಒಂದು ಚೂರು: ಗದ್ದೆಯ ಬಸವನಹುಳುವಿನ ಚಿಪ್ಪು. ಯಾವತ್ತು ಚುಚ್ಚಿಕೊಂಡಿತೋ, ಅವಳಿಗೆ ಗೊತ್ತೇ ಆಗಿರಲಿಲ್ಲ. ಅವಳು ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದಳು.

ಇನ್ನೊಂದು ವಾರ ಹಾಗೇ ಬಿಟ್ಟಿದ್ದರೆ ಮೂಳೆಗೆ ಹತ್ತುತ್ತಿತ್ತು ಎಂದು ಪ್ರೊಫೆಸರು ನನಗೆ ಹೊರಗೆ ಬಂದು ಹೇಳಿದರು. ಬೆರಳು ಉಳಿಯಿತೆಂದು ಈಗಲೇ ಹೇಳಲಾರೆ ಎಂದೂ ಸೇರಿಸಿದರು. ಮುಲಾಮು ಬೇಡ, ಗದ್ದೆ ಬೇಡ, ಸಕ್ಕರೆಯ ಮಾತ್ರೆ ತಪ್ಪಿಸುವಂತಿಲ್ಲ, ದಿನಾ ಕಾಲು ತೊಳೆದು ಬೆರಳ ಸಂದಿ ನೋಡಬೇಕು, ವಾರಕ್ಕೊಮ್ಮೆ ನಾನು ಹೋಗಿ ಗಾಯದ ಪಟ್ಟಿ ಬದಲಿಸಬೇಕು. ಅವಳು ನಮ್ಮ ಪಟ್ಟಿಯಲ್ಲಿಲ್ಲವಲ್ಲ ಮೇಡಂ, ಆ ಓಡಾಟವನ್ನು ಯಾವ ಕಲಂಗೆ ಹಾಕಲಿ ಎಂದು ಕೇಳಿದೆ. ನನ್ನ ಮುಖ ನೋಡಿದರು. ನನಗೇ ನಾಚಿಕೆಯಾಯಿತು.

ಗೌರಿಹಬ್ಬ ಕಳೆದ ಮೇಲೆ ದೆಹಲಿಯಿಂದ ಅಧಿಕಾರಿ ಬಂದರು. ಸಭ್ಯ ಮನುಷ್ಯ, ಬಿಗಿಯಾದ ಷೂ, ಕೈಯಲ್ಲಿ ದಪ್ಪ ಕಡತ. ಪ್ರೊಫೆಸರು ಒಂದು ಮಾತನ್ನೂ ಮುಚ್ಚಿಡಲಿಲ್ಲ. ಆ ಊರಿನ ಹನ್ನೆರಡು ಹಾಳೆಗಳನ್ನು ಲೆಕ್ಕಕ್ಕೆ ಹಿಡಿಯಲಾಗದು, ಕಾರಣ ಇದು ಎಂದು ಮುಂದಿಟ್ಟರು. ಕೈತುಂಬ ಸಿಕ್ಕಿದ್ದ ಗುಂಪು ಅದೊಂದೇ. ಅದು ಹೋದರೆ ಉಳಿದದ್ದು ಎತ್ತಿನ ಗೊರಸು, ದೇವರ ಗೂಡು. ಹಂಚಿಕೊಳ್ಳುವುದನ್ನು ತಡೆಯಲಾಗದಿದ್ದರೆ ಎರಡನೆಯ ನಾಟಿಗೆ ಹಣ ಬಿಡುಗಡೆ ಮಾಡುವುದರಲ್ಲಿ ಅರ್ಥವಿಲ್ಲ ಎಂದರು ಅಧಿಕಾರಿ. ಅವರ ಮಾತಲ್ಲಿ ತಪ್ಪೇನಿರಲಿಲ್ಲ. ಆದರೂ ಒಮ್ಮೆ ಆ ಊರು ನೋಡುತ್ತೇನೆ ಎಂದದ್ದು ಅವರ ದೊಡ್ಡತನ.

ಜೀಪು ಹೋಯಿತು. ಅಧಿಕಾರಿ ಜಗಲಿಯ ಮೇಲೆ ಕೂತರು. ಅವರು ಹಿಂದಿಯಲ್ಲಿ ಕೇಳಿದ್ದನ್ನು ಪ್ರೊಫೆಸರು ಕನ್ನಡ ಮಾಡಿ ಹೇಳಿದರು: ಮುಂದಿನ ಸಲ ಹಂಚಿಕೊಳ್ಳದೆ ಇರುತ್ತೀರಾ? ಹೂಂ ಅನ್ನಲಿ, ದೇವರೇ, ಒಂದು ಹೂಂ ಅಂದುಬಿಡಲಿ ಎಂದು ನಾನು ಬಾಗಿಲ ಹತ್ತಿರ ನಿಂತು ಬೇಡಿಕೊಳ್ಳುತ್ತಿದ್ದೆ.

ಆಗಕಿಲ್ಲ ಎಂದಳು ಯಜಮಾನಿ. ಸುಳ್ಳು ಹೇಳಿ ಔಷಧಿ ಈಸಿಕೊಳ್ಳುವುದು ತಮಗೆ ಬರುವುದಿಲ್ಲವಂತೆ. ಪ್ರೊಫೆಸರು ಕಣ್ಣು ಮುಚ್ಚಿಕೊಂಡರು. ಹೋಲಿಸಿ ನೋಡದೆ ಔಷಧಿ ಗುಣ ತಿಳಿಯುವುದು ಹೇಗಮ್ಮ, ಒಂದಕ್ಕೆ ಹಾಕಿ ಒಂದಕ್ಕೆ ಬಿಡಲೇಬೇಕಲ್ಲ ಎಂದು ಬಹಳ ತಾಳ್ಮೆಯಿಂದ ವಿವರಿಸಿದರು. ಯಜಮಾನಿ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದಳು. ಕೆಳಗೆ ತನ್ನ ಪಾದಗಳನ್ನೇ ನೋಡಿಕೊಂಡಳು.

"ಅಂಗಾದ್ರೆ ಒಬ್ಬೊಬ್ಳಿಗೂ ಎರಡೆರಡು ಡಬ್ಬಿ ಕೊಡಿ. ಒಂದು ಕಾಲಿಗೆ ಔಸ್ದಿ, ಒಂದು ಕಾಲಿಗೆ ಮೇಣ. ಎರಡೂ ನನ್ನವೇ ಕಾಲು, ಅವುಗಳ ಜಗಳ ನಾನು ತೀರಿಸ್ಕತೀನಿ. ಎಂಗಸ್ರು ಎಂಗಸ್ರ ಮಧ್ಯೆ ಮಾತ್ರ ಭೇದ ಮಾಡ್ಬ್ಯಾಡಿ."

ಪ್ರೊಫೆಸರು ಕಣ್ಣು ತೆರೆದರು. ಅಧಿಕಾರಿ, ಏನಂದರು, ಏನಂದರು ಎಂದು ಕೇಳುತ್ತಲೇ ಇದ್ದರು. ಇವರು ಹಿಂದಿಗೆ ತಿರುಗಿಸುವುದನ್ನೇ ಮರೆತಿದ್ದರು. ಕೊನೆಗೆ ಹೇಳಿದಾಗ ಅಧಿಕಾರಿ ಕಡತ ತೆರೆದು, ಅಲ್ಲೇ ತೊಡೆಯ ಮೇಲಿಟ್ಟುಕೊಂಡು ಬರೆದರು. ಒಂದೇ ಮೈ, ಒಂದೇ ಗದ್ದೆ, ಒಂದೇ ಹೊತ್ತು. ಹೋಲಿಕೆ ಮೊದಲಿಗಿಂತ ಚೊಕ್ಕ. ನಾವು ಓದಿದವರು ಮೂವರಿದ್ದೆವು ಅಲ್ಲಿ. ನಮ್ಮ ತಲೆಗೆ ಹೋಗಿರಲಿಲ್ಲ.

ಏಳುವಾಗ ಅಧಿಕಾರಿ ಹದಿಮೂರನೆಯವಳು ಯಾರು ಎಂದು ಕೇಳಿದರು. ವಾರಗಿತ್ತಿ ಬಾಗಿಲ ಹಿಂದಿನಿಂದ ಬಂದಳು, ಕಾಲಿಗೆ ಪಟ್ಟಿ. ಅವರು ಬಗ್ಗಿ ನೋಡಿ, ಸಕ್ಕರೆ ಕಾಯಿಲೆಯ ಇಂಥವರಿಗೆ ಏನು ಮಾಡಬಹುದೆಂದು ಬೇರೆಯದೇ ಒಂದು ಪುಟ ಬರೆದು ಕಳಿಸಿ ಎಂದು ಪ್ರೊಫೆಸರಿಗೆ ಹೇಳಿದರು.

ಬೇಸಿಗೆ ಬೆಳೆಯ ನಾಟಿಗೆ ಹೊಸ ಡಬ್ಬಿಗಳು ಬಂದವು. ಕೆಂಪು ಮುಚ್ಚಳ ಬಲಗಾಲಿಗೆ, ಬಿಳಿ ಮುಚ್ಚಳ ಎಡಗಾಲಿಗೆ. ಔಷಧಿ ಕೆಲವರಿಗೆ ಬಲದಲ್ಲಿ, ಕೆಲವರಿಗೆ ಎಡದಲ್ಲಿ. ಲಕೋಟೆ ಯಥಾಪ್ರಕಾರ ಬೀರುವಿನಲ್ಲಿ. ಈ ಸಲ ಶನಿವಾರಗಳಂದು ಒಂದು ಡಬ್ಬಿಯ ತೂಕ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಒಬ್ಬಳು ಮೆತ್ತಿದ್ದಳು, ಒಬ್ಬಳು ಜಿಪುಣಿ. ನನಗೆ ಅದನ್ನು ನೋಡಿ ಎಷ್ಟು ನೆಮ್ಮದಿ! ಅಕ್ಕಸಾಲಿಗರು ಮಾತ್ರ ನಾನು ಬೀದಿಯಲ್ಲಿ ಕಂಡಾಗಲೆಲ್ಲ, ನಮ್ಮ ತಕ್ಕಡಿ ಬೇಡವಾಯಿತಲ್ಲವ್ವ ಎಂದು ಕೊರಗುತ್ತಿದ್ದರು.

ವಾರಗಿತ್ತಿ ಗದ್ದೆಗೆ ಇಳಿಯಲಿಲ್ಲ. ಹಾಗೆಂದು ಮನೆಯಲ್ಲೂ ಕೂರಲಿಲ್ಲ. ಚಪ್ಪಲಿ ಹಾಕಿಕೊಂಡು ಬದುವಿನ ಮೇಲೆ ನಿಂತು ಪೈರಿನ ಕಂತೆ ಬಿಚ್ಚಿ ಬಿಚ್ಚಿ ಕೊಡುತ್ತಿದ್ದಳು. ಅವಳ ಒಂದು ದಿನವನ್ನು ಗುಂಪಿನವರು ತಮ್ಮ ಒಂದು ದಿನಕ್ಕೆ ಸಮ ಹಿಡಿದರು. ಅವಳ ಗದ್ದೆಗೂ ಹನ್ನೆರಡು ಜನ ಇಳಿದರು. ಮೊಪೆಡ್ ಮೇಲೆ ನಾನು ಗೊತ್ತಿಲ್ಲದೆ ಹೇಳಿದ್ದ ಮಾತನ್ನು ಅವರು ನಿಜ ಮಾಡಿಕೊಟ್ಟರು. ನನ್ನ ಎದೆಯ ಮೇಲಿನ ಕಲ್ಲು ಆ ದಿನ ಇಳಿಯಿತು. ಸಂಜೆ ಜಗಲಿಯ ಸಾಲಿನಲ್ಲಿ ಅವಳೂ ಕಾಲು ಚಾಚಿ ಕೂರುತ್ತಿದ್ದಳು. ಪ್ರೊಫೆಸರ ಅಪ್ಪಣೆಯಂತೆ ಅವಳ ಪಾದಕ್ಕೆ ಕೊಬ್ಬರಿ ಎಣ್ಣೆ, ಬೆರಳ ಸಂದಿ ಒಣಗಿಸಿ ಒರೆಸುವುದು. ಅಷ್ಟನ್ನೂ ಯಜಮಾನಿ ತಾನೇ ಮಾಡುತ್ತಿದ್ದಳು, ಮೊದಲು ಬೆರಳು ಎಣಿಸಿ.

ನಾಟಿ ಮುಗಿದ ಮೇಲೆ ಮೈಸೂರಿನಲ್ಲಿ ಲಕೋಟೆ ಒಡೆದರು. ಪಟ್ಟಿಯನ್ನು ಹಾಳೆಗಳ ಪಕ್ಕಕ್ಕಿಟ್ಟು ಒಂದೊಂದಾಗಿ ಓದುತ್ತ ಹೋದಂತೆ ನನ್ನ ಕೆಂಪು ಪೆನ್ಸಿಲಿನ ಗುರುತು ಎಲ್ಲಿ ಬೇಗ ಅಳಿದಿತ್ತೋ ಅಲ್ಲೇ ಔಷಧಿ ಇತ್ತು. ಎಲ್ಲ ಕಡೆಯೂ ಅಲ್ಲ. ಇಬ್ಬರಲ್ಲಿ ಎರಡೂ ಕಾಲು ಒಂದೇ ಥರ ಇದ್ದವು. ಪ್ರೊಫೆಸರು ಅದನ್ನೂ ಬರೆದುಕೊಂಡರು. ಇನ್ನೂ ದೊಡ್ಡ ಪರೀಕ್ಷೆ, ಇನ್ನೂ ಹಲವು ವರ್ಷ ಬೇಕು ಎಂದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ಮುಂದಿನ ಆ ದಾರಿಯಲ್ಲಿ ನಾನಿರಲಿಲ್ಲ. ನನಗೆ ಅಷ್ಟರಲ್ಲಿ ವರ್ಗವಾಗಿತ್ತು.

ಸುದ್ದಿ ಹೇಳಲು, ಡಬ್ಬಿಗಳನ್ನು ಒಪ್ಪಿಸಿಕೊಳ್ಳಲು ಕೊನೆಯ ಸಲ ಆ ಊರಿಗೆ ಹೋದೆ. ಯಾವ ಕಾಲಿಗೆ ಔಷಧಿ ಇತ್ತೆಂದು ಒಬ್ಬೊಬ್ಬರಿಗೂ ಓದಿ ಹೇಳಿದರೆ, ನಮಗೆ ಆವಾಗಲೇ ಗೊತ್ತಿತ್ತು ಎಂದು ನಕ್ಕರು. ಹದಿಮೂರು ಜನವೂ ಇದ್ದರು. ಸಂಜೆಯಾಗಿತ್ತು, ಎಂದಿನಂತೆ ಕಾಲು ತೊಳೆದು ಕೂತರು. ನಾನು ಎದ್ದು ಹೊರಡಲು ನೋಡಿದೆ. ಯಜಮಾನಿ ಕೈ ಹಿಡಿದು ಸಾಲಿನಲ್ಲಿ ಕೂರಿಸಿದಳು, ವಾರಗಿತ್ತಿಯ ಪಕ್ಕದಲ್ಲಿ. ಬದುಗಳ ಮೇಲೆ ಅಲೆದು ನನ್ನ ಹಿಮ್ಮಡಿಯೂ ಸೀಳಿತ್ತು. ನಾನು ಕಾಲು ಹಿಂದಕ್ಕೆಳೆದುಕೊಂಡೆ.

"ಎಳ್ಕಬ್ಯಾಡ, ನೀಡು" ಎಂದಳು. ಎರಡು ನಾಟಿ ನನ್ನನ್ನು 'ನೀವು' ಎಂದು ಕರೆದಿದ್ದವಳು. ನೀಡಿದೆ. ಬೆಚ್ಚಗಿನ ಎಣ್ಣೆಯ ಕೈ ನನ್ನ ಹಿಮ್ಮಡಿಯ ಮೇಲೆ ಹರಿದಾಗ ನನಗೆ ಅವ್ವ ನೆನಪಾದಳು. ಅಳು ಬಂತು, ಮುಚ್ಚಿಡಲೂ ಹೋಗಲಿಲ್ಲ.

ಆಮೇಲೆ ಅವಳು ವಾರಗಿತ್ತಿಯ ಕಡೆ ಸರಿದು, ಎಡಗಾಲಿನ ಹೆಬ್ಬೆರಳಿನಿಂದ ಶುರುಮಾಡಿ, ಒಂದೊಂದನ್ನೇ ಮುಟ್ಟುತ್ತ ಬಲಗಾಲಿನ ಕಿರುಬೆರಳಿಗೆ ಬಂದು ನಿಲ್ಲಿಸಿದಳು. ಅದನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕಡೆ ತಿರುಗಿದಳು.

"ಅತ್ತೂ ಅವೆ ಕಣವ್ವ. ಬರ್ಕೊ."

ನನ್ನ ಚೀಲದಲ್ಲಿ ಆ ಊರಿನ ಹನ್ನೆರಡೇ ಹಾಳೆಗಳಿದ್ದವು, ಹನ್ನೆರಡೂ ತುಂಬಿದ್ದವು. ಒಂದು ಖಾಲಿ ಕಾಗದ ತೆಗೆದು, ತೊಡೆಯ ಮೇಲಿಟ್ಟುಕೊಂಡು, ಎರಡು ಪಾದಗಳ ಚಿತ್ರವನ್ನು ನಾನೇ ಬರೆದೆ. ಬೆರಳುಗಳನ್ನು ಎಣಿಸಿ ಬರೆದೆ. ಮೇಲೆ ಹದಿಮೂರು ಎಂದು ನಂಬರು ಹಾಕಿದೆ.